ವೇಟಿಂಗ್ ಲಿಸ್ಟ್‌ನಲ್ಲಿ 17: ಫಾರ್ಮಸಿ ಸೀಟಿಗೆ ಕಾಯುವುದೋ, ಸಿಕ್ಕಿದ್ದನ್ನು ಹಿಡಿಯುವುದೋ?

ತುಳುನಾಡಿನ ಆಟಿ ತಿಂಗಳ ಒಂದು ಸಂಜೆ, ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದ್ದಾಗ, ಮಲ್ಪೆಯಿಂದ ತಾಯಿ ಮಗಳಿಬ್ಬರು ನಮ್ಮ ಮನೆಗೆ ಬಂದರು. ಮಗಳು ನನ್ನ ವಿದ್ಯಾರ್ಥಿನಿ. ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು ಒಳಬಂದ ತಾಯಿ, ಸೆರಗಿನಡಿ ನೆನೆಯದಂತೆ ಹಿಡಿದಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟರು. ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ ಎಲ್ಲವೂ ಅದರಲ್ಲಿದ್ದವು. ಮಗಳು ಮೊಬೈಲ್ ಮುಂದೆ ಹಿಡಿದಳು. ಡೀಮ್ಡ್ ವಿಶ್ವವಿದ್ಯಾಲಯವೊಂದರ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸಿಗೆ ಅವಳು ಅರ್ಜಿ ಹಾಕಿದ್ದಳು. ವೇಟಿಂಗ್ ಲಿಸ್ಟ್‌ನಲ್ಲಿ ಅವಳ ಸಂಖ್ಯೆ 17.

"ಮೇಡಂ, 17 ಎಂದರೆ ಹತ್ತಿರವೋ, ದೂರವೋ?" ಎಂದು ತಾಯಿ ಕೇಳಿದರು.

ಸಂಖ್ಯೆಯೊಂದನ್ನೇ ನೋಡಿ ಈ ಪ್ರಶ್ನೆಗೆ ಯಾರೂ ಉತ್ತರಿಸಲಾರರು. ಆದರೆ ಉತ್ತರವನ್ನು ಲೆಕ್ಕ ಹಾಕಿ ಹತ್ತಿರ ಹತ್ತಿರ ಕಂಡುಕೊಳ್ಳಲು ಸಾಧ್ಯವಿದೆ. ಆ ಸಂಜೆ ನಾವು ಮೂವರೂ ಅದನ್ನೇ ಮಾಡಿದೆವು. ಪ್ರತಿ ವರ್ಷ ಜುಲೈ, ಆಗಸ್ಟ್ ಬಂದರೆ ಉಡುಪಿಯಿಂದ ದೇರಳಕಟ್ಟೆಯವರೆಗೆ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಏಳುವುದರಿಂದ, ನಮ್ಮ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ನೀವು ನಿಂತಿರುವುದು ಯಾವ ಸಾಲಿನಲ್ಲಿ ಎಂಬುದು ತಿಳಿಯಬೇಕು. "ಕೆಇಎಯಲ್ಲಿ ನಮ್ಮ ವೇಟಿಂಗ್ ನಂಬರ್ ಎಷ್ಟು?" ಎಂದು ಕೇಳುವ ಪೋಷಕರು ಬಹಳ ಮಂದಿ. ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ಅಂಥ ಸಂಖ್ಯೆಯೇ ಇಲ್ಲ. ಅಲ್ಲಿರುವುದು ಸಿಇಟಿ ರ್‍ಯಾಂಕ್ ಮತ್ತು ನೀವು ತುಂಬಿದ ಆಯ್ಕೆಗಳ ಪಟ್ಟಿ. ಪ್ರತಿ ಸುತ್ತಿನಲ್ಲೂ ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ನಿಮ್ಮ ರ್‍ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಹಾಗಾಗಿ "ಇದು ಹೇಗೂ ಸಿಗುವುದಿಲ್ಲ" ಎಂದುಕೊಂಡು ಇಷ್ಟದ ಕಾಲೇಜನ್ನು ಕೆಳಗೆ ಹಾಕುವುದರಿಂದ ನಷ್ಟ ನಿಮಗೇ. ಮನಸ್ಸಿನಲ್ಲಿರುವ ಕ್ರಮವೇ ಪಟ್ಟಿಯಲ್ಲೂ ಇರಬೇಕು.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್‌ಗಳಿರುತ್ತವೆ. ಸಿಕ್ಕಿದ್ದನ್ನು ಒಪ್ಪಿ ಕಾಲೇಜು ಸೇರುವುದು ಮೊದಲನೆಯದು. ಸಿಕ್ಕಿದ್ದನ್ನು ಇಟ್ಟುಕೊಂಡೇ ಅದಕ್ಕಿಂತ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು ಎರಡನೆಯದು. ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಪೂರ್ತಿ ಹೊರನಡೆಯುವುದು ನಾಲ್ಕನೆಯದು. ಕಾಯುವ ಮನಸ್ಸಿದ್ದವರಿಗೆ ಎರಡನೆಯ ಚಾಯ್ಸ್ ದೇವರು ಕೊಟ್ಟ ವರದಂತೆ ಕಾಣುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ಅದರಲ್ಲೊಂದು ಕೊಕ್ಕೆ ಇದೆ. ಮುಂದಿನ ಸುತ್ತಿನಲ್ಲಿ ಮೇಲಿನ ಯಾವುದಾದರೂ ಸೀಟು ಸಿಕ್ಕಿದರೆ, ಕೈಯಲ್ಲಿದ್ದ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಆಮೇಲೆ "ನಮಗೆ ಹಳೆಯದೇ ಇರಲಿ" ಎಂದರೆ ನಡೆಯುವುದಿಲ್ಲ. ಸಿಇಟಿಯ ಆಯ್ಕೆಪಟ್ಟಿಯಲ್ಲಿ ಎಂಜಿನಿಯರಿಂಗ್, ಬಿ.ಎಸ್ಸಿ. ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಯಾರೋ ಹೇಳಿದರೆಂದು ದೂರದ ಊರಿನ ಯಾವುದೋ ಕೋರ್ಸನ್ನು ಮೇಲೆ ಹಾಕಿದ್ದರೆ, ಮಂಗಳೂರು ಹತ್ತಿರದ ವಳಚ್ಚಿಲ್‌ನಲ್ಲಿ ಸಿಕ್ಕಿದ್ದ ಬಿ.ಫಾರ್ಮ (ಫಾರ್ಮಸಿ ಪದವಿ) ಸೀಟು ಅದಕ್ಕಾಗಿ ಕೈಬಿಟ್ಟುಹೋಗಬಹುದು. ಚಾಯ್ಸ್ ಒತ್ತುವ ಮುನ್ನ, ಸಿಕ್ಕಿದ ಸೀಟಿಗಿಂತ ಮೇಲಿರುವ ಒಂದೊಂದು ಹೆಸರನ್ನೂ ಬೆರಳಿಟ್ಟು ಓದಿ, ಬೇಡದ್ದನ್ನು ಅಳಿಸಿ.

ಮೂರನೆಯ ಚಾಯ್ಸ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಸಿಕ್ಕಿದ ಸೀಟಿಗೆ ಯಾವ ಕಾರಣಕ್ಕೂ ಹೋಗುವುದಿಲ್ಲ ಎಂಬುದು ಖಚಿತವಿದ್ದವರು ಮಾತ್ರ ಅದನ್ನು ಒತ್ತಬೇಕು.

ಡೀಮ್ಡ್ ವಿಶ್ವವಿದ್ಯಾಲಯಗಳ ಸಾಲು ಬೇರೆ. ನಮ್ಮ ಕರಾವಳಿಯಲ್ಲಿ ಅಂಥ ಸಂಸ್ಥೆಗಳು ಒಂದೆರಡಲ್ಲ. ಮಣಿಪಾಲದ ಫಾರ್ಮಸಿ ಕಾಲೇಜು 1963ರಿಂದಲೇ ನಡೆಯುತ್ತಿದೆ. ಇವರು ತಮ್ಮದೇ ಪಟ್ಟಿ ಮಾಡಿ, ತಮ್ಮದೇ ಸುತ್ತುಗಳಲ್ಲಿ ಸೀಟು ತುಂಬುತ್ತಾರೆ. ವೇಟಿಂಗ್ ಲಿಸ್ಟ್ ಎಂಬ ಮಾತಿಗೆ ನಿಜವಾದ ಅರ್ಥವಿರುವುದು ಇಲ್ಲಿ. ಮೂರನೆಯ ಸಾಲು ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟಿನದು. "ನಿಮ್ಮ ಹೆಸರು ಬರೆದಿಟ್ಟಿದ್ದೇವೆ, ಸೀಟು ಖಾಲಿಯಾದರೆ ಫೋನ್ ಮಾಡುತ್ತೇವೆ" ಎಂದು ಕಚೇರಿಯಲ್ಲಿ ಹೇಳುವುದುಂಟು. ಅದನ್ನು ಸೌಜನ್ಯದ ಮಾತೆಂದು ತಿಳಿಯಿರಿ. ಸಂಖ್ಯೆ ಇಲ್ಲದ, ಬರಹದಲ್ಲಿಲ್ಲದ ಪಟ್ಟಿಯನ್ನು ನಂಬಿ ಇನ್ನೊಂದು ಸೀಟು ಬಿಡಬೇಡಿ.

ಈಗ 17ರ ಲೆಕ್ಕಕ್ಕೆ ಬರುತ್ತೇನೆ. ಫಾರ್ಮ್.ಡಿ. ಕೋರ್ಸಿಗೆ ಭಾರತೀಯ ಫಾರ್ಮಸಿ ಪರಿಷತ್ತು ಒಂದು ಕಾಲೇಜಿಗೆ ಕೊಡುವ ಸೀಟು 30. ಬಿ.ಫಾರ್ಮ ಆದರೆ 60 ಅಥವಾ 100. ಈ ಅಂತರದಿಂದ 17ರ ಅರ್ಥವೇ ಬದಲಾಗುತ್ತದೆ. ಫಾರ್ಮ್.ಡಿ. ಪಟ್ಟಿಯಲ್ಲಿ ಸೀಟು ಹಿಡಿದವರು 30, ಅವಳಿಗಿಂತ ಮುಂದೆ ಕಾಯುತ್ತಿರುವವರು 16, ಒಟ್ಟು 46 ಮಂದಿ. ಅವಳ ಸರದಿ ಬರಬೇಕಾದರೆ ಆ 46ರಲ್ಲಿ 17 ಮಂದಿ ಬೇರೆ ದಾರಿ ಹಿಡಿಯಬೇಕು, ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಅದೇ 100 ಸೀಟಿನ ಬಿ.ಫಾರ್ಮ ಆಗಿದ್ದರೆ, ಮುಂದಿರುವ 116 ಮಂದಿಯಲ್ಲಿ 17 ಜನ ಬಿಟ್ಟರೆ ಸಾಕು, ಅಂದರೆ ಹೆಚ್ಚುಕಡಿಮೆ ಏಳು ಮಂದಿಯಲ್ಲಿ ಒಬ್ಬರು. ಸೀಟುಗಳನ್ನು ವರ್ಗವಾರು ಹಂಚಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಬಿಟ್ಟುಹೋಗುವವರು ಯಾರು, ಯಾಕೆ ಹೋಗುತ್ತಾರೆ? ಫಾರ್ಮಸಿ ಪಟ್ಟಿಯ ಗುಟ್ಟೆಲ್ಲ ಇರುವುದು ಇಲ್ಲಿ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ ಮಕ್ಕಳಲ್ಲಿ ಬಹಳ ಮಂದಿ ನೀಟ್ ಬರೆದಿರುತ್ತಾರೆ. ಎಂಬಿಬಿಎಸ್ ಕನಸು ಒಂದು ಕಡೆ, ಕೈಯಲ್ಲೊಂದು ಇರಲಿ ಎಂದು ಹಿಡಿದ ಫಾರ್ಮಸಿ ಸೀಟು ಇನ್ನೊಂದು ಕಡೆ. ನೀಟ್ ಕೌನ್ಸೆಲಿಂಗ್‌ನ ಮೊದಲ ಸುತ್ತಿನ ಫಲಿತಾಂಶ ಬಂದ ವಾರ ಫಾರ್ಮಸಿ ಪಟ್ಟಿಗಳು ಅಲುಗಾಡುತ್ತವೆ. ದಂತವೈದ್ಯಕೀಯ ಸಿಕ್ಕಿದವರು ಸ್ವಲ್ಪ ತಡವಾಗಿ ಹೊರಡುತ್ತಾರೆ. ಆಯುರ್ವೇದ, ಹೋಮಿಯೋಪತಿಗಳ ಕೌನ್ಸೆಲಿಂಗ್ ಅದಕ್ಕೂ ಹಿಂದೆ ಬಿದ್ದಿರುತ್ತದೆ. ಇತ್ತ ಸಿಇಟಿಯ ಒಂದೇ ಪರೀಕ್ಷೆಯಲ್ಲಿ ಅದೇ ಹುಡುಗಿಗೆ ಕೃಷಿ, ಪಶುವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಎಂದು ಬೇರೆ ಬೇರೆ ರ್‍ಯಾಂಕ್‌ಗಳು ಬಂದಿರುತ್ತವೆ. ಒಬ್ಬಳೇ ಹುಡುಗಿಯ ಹೆಸರು ಐದಾರು ಪಟ್ಟಿಗಳಲ್ಲಿದೆ, ಕೊನೆಗೆ ಅವಳು ಕೂರುವುದು ಒಂದೇ ಬೆಂಚಿನಲ್ಲಿ. ಉಳಿದ ಪಟ್ಟಿಗಳಲ್ಲಿ ಅವಳ ಜಾಗ ಒಂದೊಂದಾಗಿ ತೆರವಾಗುತ್ತಾ ಬರುತ್ತದೆ.

ಆದ್ದರಿಂದ ನಿಮ್ಮ ಸಂಖ್ಯೆ ಯಾವ ದಿನದ್ದು ಎಂಬುದು ಮುಖ್ಯ. ನೀಟ್ ಹಂಚಿಕೆಗೆ ಮೊದಲಿನ 17 ಮತ್ತು ಎರಡು ಸುತ್ತು ಮುಗಿದ ಮೇಲಿನ 17 ಒಂದೇ ಅಲ್ಲ. ಮೊದಲನೆಯದರ ಎದುರಿಗಿನ್ನೂ ಹೊಳೆಯಷ್ಟು ನೀರು ಹರಿಯುವುದಿದೆ. ಎರಡನೆಯದರಲ್ಲಿ ಹೋಗುವವರೆಲ್ಲ ಹೋಗಿ, ಉಳಿದವರು ಉಳಿಯಲೆಂದೇ ಉಳಿದವರು.

ಕಾಯುವ ಮುನ್ನ ಇನ್ನೊಂದು ಮಾತು. ಕಾಯುತ್ತಿರುವುದು ಏತಕ್ಕೆ ಎಂಬುದು ಮಕ್ಕಳಿಗೇ ಸ್ಪಷ್ಟವಿರುವುದಿಲ್ಲ. ಬಿ.ಫಾರ್ಮ ನಾಲ್ಕು ವರ್ಷದ, ಎಂಟು ಸೆಮಿಸ್ಟರುಗಳ ಪದವಿ. ಔಷಧದ ರಸಾಯನ, ತಯಾರಿಕೆ, ಗುಣಮಟ್ಟ ಪರೀಕ್ಷೆ, ಅಂಗಡಿ, ಉದ್ಯಮ, ಸಂಶೋಧನೆ ಎಲ್ಲ ಕಡೆಗೂ ಅದು ದಾರಿ. 2008ರಲ್ಲಿ ಭಾರತಕ್ಕೆ ಬಂದ ಫಾರ್ಮ್.ಡಿ. ಆರು ವರ್ಷದ್ದು. ಐದು ವರ್ಷ ಓದು, ಕೊನೆಯದು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅದನ್ನು ನಡೆಸಲು 300 ಹಾಸಿಗೆಯ ಆಸ್ಪತ್ರೆಯ ಜೋಡಣೆ ಬೇಕೆಂಬ ನಿಯಮವಿದೆ, ಏಕೆಂದರೆ ಅಲ್ಲಿ ಪಾಠ ನಡೆಯುವುದು ವಾರ್ಡಿನಲ್ಲಿ. ರಕ್ತ ಹೆಪ್ಪುಗಟ್ಟದಂತೆ ವಾರ್‌ಫರಿನ್ ನುಂಗುತ್ತಿರುವ ಅಜ್ಜನಿಗೆ ಮಂಡಿನೋವಿಗೆಂದು ಯಾರೋ ಐಬುಪ್ರೊಫೇನ್ ಬರೆದಿದ್ದರೆ, ರಕ್ತಸ್ರಾವದ ಅಪಾಯವನ್ನು ಗುರುತಿಸಿ ವೈದ್ಯರ ಗಮನಕ್ಕೆ ತರುವುದು ಆ ಓದಿನ ತಿರುಳು. ನನ್ನ ವಿದ್ಯಾರ್ಥಿನಿಗೆ ಎರಡೂ ಕೋರ್ಸುಗಳು ಗೊತ್ತಿದ್ದವು, ಆದರೆ ಫಾರ್ಮ್.ಡಿ. ಬೇಕೆಂದದ್ದು ಯಾಕೆ ಎಂದರೆ ತಡವರಿಸಿದಳು. "ಹೆಸರಿನ ಮುಂದೆ ಡಾಕ್ಟರ್ ಎಂದು ಬರುತ್ತದೆಯಲ್ಲ ಮೇಡಂ" ಎಂದಳು ಕೊನೆಗೆ. ಪ್ರಾಮಾಣಿಕ ಉತ್ತರವೇ. ಆದರೆ ಆರು ವರ್ಷದ ಶುಲ್ಕಕ್ಕೆ ಅದೊಂದೇ ಕಾರಣ ಸಾಲದು ಎಂದು ಅವಳಿಗೆ ನೇರವಾಗಿಯೇ ಹೇಳಿದೆ.

ಆಮೇಲೆ ನಾವು ವರ್ಷಗಳ ಲೆಕ್ಕ ಹಾಕಿದೆವು. ಈ ಲೆಕ್ಕವನ್ನು ಪ್ರತಿಯೊಂದು ಮನೆಯಲ್ಲೂ ಹಾಕಬೇಕೆಂಬುದು ನನ್ನ ಕಳಕಳಿ. ಫಾರ್ಮ್.ಡಿ. ಈಗ ಸಿಗದಿದ್ದರೆ ಬಿ.ಫಾರ್ಮ ಸೇರಿ ಮುಗಿಸಿದವರಿಗೆ ಮೂರು ವರ್ಷದ ಪೋಸ್ಟ್ ಬ್ಯಾಕಲಾರಿಯೇಟ್ ಫಾರ್ಮ್.ಡಿ. ಇದೆ. ನಾಲ್ಕು ಮತ್ತು ಮೂರು ಸೇರಿ ಏಳು. ನೇರ ದಾರಿಗೆ ಆರು. ಬಿ.ಫಾರ್ಮ ಕೂಡ ಸಿಗದಿದ್ದರೆ ಎರಡು ವರ್ಷದ ಡಿ.ಫಾರ್ಮ ಮುಗಿಸಿ ಬಿ.ಫಾರ್ಮದ ಎರಡನೆಯ ವರ್ಷಕ್ಕೆ ನೇರ ಸೇರಲು ಅವಕಾಶವಿದೆ. ಎರಡು ಮತ್ತು ಮೂರು ಸೇರಿ ಐದು. ನೇರ ದಾರಿಗೆ ನಾಲ್ಕು. ಎರಡೂ ಸುತ್ತುದಾರಿಗಳ ಬೆಲೆ ಒಂದೊಂದೇ ವರ್ಷ. ಮನೆಯಲ್ಲಿ ಕೂತು ಮತ್ತೆ ಸಿಇಟಿ ಬರೆಯುವುದರ ಬೆಲೆಯೂ ಒಂದು ವರ್ಷವೇ. ವ್ಯತ್ಯಾಸವೆಂದರೆ, ಸುತ್ತುದಾರಿಯಲ್ಲಿ ಹೋದವಳ ಕೈಯಲ್ಲಿ ನಡುವೆಯೇ ಒಂದು ಪದವಿಯೋ ಡಿಪ್ಲೊಮಾವೋ ಇರುತ್ತದೆ. ಡಿ.ಫಾರ್ಮ ಓದಿದವಳು 500 ಗಂಟೆಗಳ ತರಬೇತಿ ಮುಗಿಸಿ, ಎಕ್ಸಿಟ್ ಪರೀಕ್ಷೆ ಪಾಸಾದರೆ ನೋಂದಾಯಿತ ಫಾರ್ಮಸಿಸ್ಟ್ ಆಗಬಲ್ಲಳು.

ಸುತ್ತುದಾರಿಯ ಕಷ್ಟವನ್ನೂ ಹೇಳಬೇಕು. ಪೋಸ್ಟ್ ಬ್ಯಾಕಲಾರಿಯೇಟ್ ಸೀಟು ಒಂದು ಕಾಲೇಜಿಗೆ 10 ಮಾತ್ರ. ಇಂದಿನ ಸಾಲನ್ನು ತಪ್ಪಿಸಿಕೊಂಡರೂ ನಾಲ್ಕು ವರ್ಷದ ನಂತರ ಇನ್ನೊಂದು ಸಾಲಿನಲ್ಲಿ ನಿಲ್ಲಬೇಕಾದೀತು. ಆದರೂ ಫಾರ್ಮಸಿಯ ಮಟ್ಟಿಗೆ, ಬರಿಗೈಯಲ್ಲಿ ವರ್ಷ ಕಳೆಯಿರಿ ಎಂದು ನಾನು ಯಾರಿಗೂ ಹೇಳಿಲ್ಲ. ಬಿ.ಫಾರ್ಮದ ಪಠ್ಯಕ್ರಮವನ್ನು ಗೊತ್ತುಮಾಡುವುದು ಭಾರತೀಯ ಫಾರ್ಮಸಿ ಪರಿಷತ್ತೇ. ಮುಂದೆ ಎಂ.ಫಾರ್ಮ ಓದಬಯಸುವವರು ಬರೆಯುವ ಜಿಪ್ಯಾಟ್ ಪರೀಕ್ಷೆ ಎಲ್ಲರಿಗೂ ಒಂದೇ. ಕಾಲೇಜಿನ ಹೆಸರಿನಲ್ಲಿ ಸ್ವಲ್ಪ ಹಿಂದೆ ಬಿದ್ದದ್ದನ್ನು ಅಲ್ಲಿ ತುಂಬಿಕೊಳ್ಳಬಹುದು. ಒಂದೇ ಒಂದು ಷರತ್ತು: ಸೇರುವ ಕಾಲೇಜಿನ ಆ ಕೋರ್ಸಿಗೆ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇರಲೇಬೇಕು. 1948ರ ಫಾರ್ಮಸಿ ಕಾಯಿದೆಯಡಿ ಮಾನ್ಯತೆ ಇಲ್ಲದ ಕಡೆ ಓದಿದರೆ ಫಾರ್ಮಸಿಸ್ಟ್ ಆಗಿ ನೋಂದಣಿ ಸಿಗುವುದಿಲ್ಲ. ಪರಿಷತ್ತಿನ ಜಾಲತಾಣದಲ್ಲಿ ಪಟ್ಟಿ ಇರುತ್ತದೆ. ಕಾಲೇಜಿನ ಫ್ಲೆಕ್ಸ್ ನೋಡಿ ನಂಬಬೇಡಿ.

ಹಾಗಾದರೆ ಸಿಕ್ಕಿದ ಕಡೆ ಸೇರಿ, ಕರೆ ಬಂದಾಗ ಅಲ್ಲಿಂದ ಬಿಡಬಹುದೆ? ಬಿಡಬಹುದು. ಕಟ್ಟಿದ ಹಣ ಮತ್ತು ಮೂಲ ದಾಖಲೆಗಳು ವಾಪಸು ಬರುತ್ತವೆಯೇ ಎಂಬುದೇ ಎಲ್ಲರ ಭಯ. 2018ರ ಅಕ್ಟೋಬರ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಇದಕ್ಕೊಂದು ಅಧಿಸೂಚನೆ ಹೊರಡಿಸಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಶುಲ್ಕ ಹಿಂತಿರುಗಿಸಬೇಕು, ಸಣ್ಣದೊಂದು ಸಂಸ್ಕರಣಾ ಶುಲ್ಕ ಮಾತ್ರ ಕಳೆಯಬಹುದು. ಕೊನೆಯ ದಿನಕ್ಕೆ 15 ದಿನಗಳೊಳಗೆ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನಗಳೊಳಗೆ ಶೇ 80, 30 ದಿನಗಳೊಳಗೆ ಶೇ 50. ಅದರಾಚೆಗೆ ಏನೂ ಇಲ್ಲ. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಕೊಡಬೇಕೇ ಹೊರತು ಸಂಸ್ಥೆ ಇಟ್ಟುಕೊಳ್ಳುವಂತಿಲ್ಲ ಎಂದೂ ಅದರಲ್ಲಿದೆ. ಕೆಲವು ವರ್ಷಗಳಲ್ಲಿ ಯುಜಿಸಿ ಇದಕ್ಕಿಂತ ಉದಾರವಾದ ಸುತ್ತೋಲೆ ಹೊರಡಿಸಿರುವುದರಿಂದ ನೀವು ಸೇರುವ ವರ್ಷದ್ದನ್ನು ಹುಡುಕಿ ಓದಿ. ಕೆಇಎ ಮೂಲಕ ಸಿಕ್ಕಿದ ಸೀಟನ್ನು ಬಿಡುವುದಕ್ಕೆ ಬೇರೆ ನಿಯಮ, ಬೇರೆ ದಿನಾಂಕ. ಕೊನೆಯ ಸುತ್ತು ಕಳೆದ ಮೇಲೆ ಬಿಟ್ಟರೆ ಹಣ ಕಳೆದುಕೊಳ್ಳಬೇಕಾಗುತ್ತದೆ.

ನಿಯಮ ಇದ್ದರೂ ಅದನ್ನು ಕಚೇರಿಯ ಕಿಂಡಿಯಲ್ಲಿ ನಿಂತು ಕೇಳಿ ಪಡೆಯಬೇಕಾಗುತ್ತದೆ. ನನ್ನ ಅಣ್ಣನ ಮಗ ಒಂದು ಕಾಲೇಜು ಬಿಟ್ಟಾಗ ಅವನ ಅಂಕಪಟ್ಟಿಗಾಗಿ ನಾವು ನಾಲ್ಕು ಸಲ ಅಲೆದೆವು. ಪ್ರತಿ ಸಲವೂ "ಸಾಹೇಬರು ಇಲ್ಲ" ಎಂಬ ಉತ್ತರ. ಐದನೆಯ ಸಲ ಲಿಖಿತ ಅರ್ಜಿಯೊಂದಿಗೆ ಯುಜಿಸಿ ಅಧಿಸೂಚನೆಯ ಪ್ರತಿ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಕೊಡಿ ಎಂದು ಕೇಳಿದೆವು. ಅರ್ಧ ಗಂಟೆಯಲ್ಲಿ ಅಂಕಪಟ್ಟಿ ಕೈಗೆ ಬಂತು. ಆ ಮುದ್ರೆಯ ಬಲ ದೊಡ್ಡದು. ಮೊದಲ ದಿನದಿಂದಲೇ ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ, ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಕೇಳಿ.

ಕಾಯುತ್ತಿರುವ ಸಂಸ್ಥೆಯ ಪ್ರವೇಶ ಕಚೇರಿಗೆ ಒಂದು ಸಲ ಸರಿಯಾಗಿ ಫೋನ್ ಮಾಡುವುದು ಹತ್ತು ಸಲ ಸುಮ್ಮನೆ ಹೋಗಿ ನಿಲ್ಲುವುದಕ್ಕಿಂತ ಮೇಲು. ಹೋದ ವರ್ಷ ಪಟ್ಟಿ ಎಷ್ಟನೆಯ ಸಂಖ್ಯೆಯವರೆಗೆ ಹೋಗಿತ್ತು, ಪಟ್ಟಿಯನ್ನು ಯಾವ ದಿನ ಮುಚ್ಚುತ್ತೀರಿ, ಕರೆ ಬರುವುದು ಫೋನಿನಲ್ಲೋ ಇಮೇಲ್‌ನಲ್ಲೋ, ಹಣ ಕಟ್ಟಲು ಎಷ್ಟು ಗಂಟೆ ಸಮಯ ಕೊಡುತ್ತೀರಿ ಎಂದು ಕೇಳಿ, ಉತ್ತರಗಳನ್ನು ಅಲ್ಲೇ ಬರೆದುಕೊಳ್ಳಿ. ಇವುಗಳಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ನಾನು ಮೇಲೆ ಹಾಕಿದ ಲೆಕ್ಕವೆಲ್ಲ ಬೇಡವೇ ಬೇಡ. ಇಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದು ಸೀಟು ಕಳೆದುಕೊಂಡ ಹುಡುಗನನ್ನು ನಾನು ಕಂಡಿದ್ದೇನೆ. ಮಲೆನಾಡಿನ ಅಜ್ಜನ ಮನೆಗೆ ಹೋಗಿ ನೆಟ್‌ವರ್ಕ್ ಸಿಗದೆ ಉಳಿದವಳನ್ನೂ ಕಂಡಿದ್ದೇನೆ. ಅರ್ಜಿಯಲ್ಲಿ ಎರಡು ಮೊಬೈಲ್ ಸಂಖ್ಯೆ ಕೊಡಿ. "ಇಷ್ಟು ಕೊಟ್ಟರೆ ನಂಬರ್ ಮೇಲೆ ತರಿಸುತ್ತೇನೆ" ಎನ್ನುವ ಮಧ್ಯವರ್ತಿ ಬಂದರೆ ಬಾಗಿಲು ಹಾಕಿ. ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಪಡೆಯುವ ಹಣವನ್ನು, ಅಂದರೆ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯಿದೆ ಮಾಡಿದೆ.

ಹಣದ ಮಾತಿಗೆ ಬಂದಾಗ ಆ ಸಂಜೆ ತಾಯಿ ಪಾಸ್‌ಬುಕ್ಕನ್ನು ನನ್ನ ಕಡೆ ತಳ್ಳಿ ಸುಮ್ಮನೆ ಕೂತರು. ಅವರ ಗಂಡ ಬೋಟಿಗೆ ಹೋಗುವವರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟುಗಳು ದಕ್ಕೆಯಲ್ಲಿ ಕಟ್ಟಿಹಾಕಿದ ದಿನಗಳಲ್ಲೇ ಕಾಲೇಜುಗಳ ಶುಲ್ಕದ ದಿನಾಂಕಗಳೂ ಬರುತ್ತವೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿಯವರೆಗೆ ಅಡಮಾನ ಬೇಡ, ಕೈಯಿಂದ ಪಾಲು ಹಾಕುವುದೂ ಬೇಡ. 7.5 ಲಕ್ಷ ದಾಟಿದರೆ ಆಸ್ತಿಯ ಅಡಮಾನ ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಿಗೆ ಪ್ರತಿಭೆಯ ಆಧಾರದಲ್ಲಿ ಸೇರಿದವರಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಇವರು ಬಂದದ್ದು ಅದಕ್ಕೂ ಮೊದಲಿನ ವರ್ಷ. ಪ್ರವೇಶ ಪತ್ರವಿಲ್ಲದೆ ಬ್ಯಾಂಕು ಸಾಲ ಮಂಜೂರು ಮಾಡುವುದಿಲ್ಲ, ಕಾಲೇಜು ಹಣಕ್ಕೆ ಕೊಡುವುದು ಒಂದೆರಡು ದಿನ. ಆದ್ದರಿಂದ ವೇಟಿಂಗ್ ಲಿಸ್ಟ್‌ನಲ್ಲಿರುವಾಗಲೇ ಮ್ಯಾನೇಜರ್ ಬಳಿ ಹೋಗಿ, ಕರೆ ಬಂದರೆ ಎಷ್ಟು ಸಿಗುತ್ತದೆ, ಏನೇನು ಕಾಗದ ಬೇಕು ಎಂದು ಕೇಳಿಡಬೇಕು.

ಕೊನೆಗೆ ಒಂದು ಹಾಳೆ ತೆಗೆದುಕೊಂಡು ಹುಡುಗಿಯ ಕೈಯಲ್ಲೇ ಮೂರು ಸಾಲು ಬರೆಸಿದೆ. ಕರೆ ಯಾವ ದಿನಾಂಕದೊಳಗೆ ಬಂದರೆ ಹೋಗುವುದು. ಮೊದಲ ಸೀಟಿಗೆ ಕಟ್ಟಿದ್ದರಲ್ಲಿ ಎಷ್ಟು ಹಣ ಹೋದರೆ ತಡೆದುಕೊಳ್ಳಬಹುದು. ಒಟ್ಟು ಎಷ್ಟು ಸಾಲದವರೆಗೆ ಮನೆಯವರು ಒಪ್ಪುತ್ತಾರೆ. ದಿನಾಂಕ ಯಾಕೆಂದರೆ, ಫಾರ್ಮಸಿಯಲ್ಲಿ ಪ್ರತಿ ವಿಷಯಕ್ಕೂ ಶೇ 80 ಹಾಜರಿ ಬೇಕು, ತಡವಾಗಿ ಸೇರಿದವರು ಮೊದಲ ಪರೀಕ್ಷೆಗೇ ಏದುಸಿರು ಬಿಡುತ್ತಾರೆ. ಕರೆ ಬಂದ ಗಳಿಗೆಯಲ್ಲಿ ಮನೆಯವರೆಲ್ಲ ಒಟ್ಟಿಗೆ ಮಾತನಾಡತೊಡಗುತ್ತಾರೆ, ಚಿಕ್ಕಪ್ಪ ಒಂದು ಹೇಳಿದರೆ ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ. ಅಂಥ ಹೊತ್ತಿನಲ್ಲಿ ಸಮಾಧಾನದಿಂದ ಬರೆದ ಹಾಳೆಯೊಂದು ಇದ್ದರೆ ಮಗುವಿಗೆ ಆಧಾರ. ಮರುದಿನ ತಾಯಿ ಬ್ಯಾಂಕಿಗೆ ಹೋಗಿ ಬಂದು ಮೂರನೆಯ ಸಾಲಿನ ಮುಂದೆ 7.5 ಲಕ್ಷ ಎಂದು ಬರೆಸಿದರು. ಮನೆ ಇನ್ನೂ ಪಾಲಾಗದೆ ಕುಟುಂಬದ ಹೆಸರಿನಲ್ಲೇ ಇದ್ದುದರಿಂದ ಅಡಮಾನಕ್ಕೆ ದಾರಿ ಇರಲಿಲ್ಲ.

ಕೆಇಎ ಹಂಚಿಕೆಯಲ್ಲಿ ಅವಳಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಫಾರ್ಮ ಸಿಕ್ಕಿತು, ಸೇರಿದಳು. ಅದಾದ ಮೇಲೆ ಒಂದು ಬೆಳಿಗ್ಗೆ, ನಾನು ತರಗತಿಗೆ ಹೊರಟಿದ್ದಾಗ, ಅವಳ ಫೋನ್ ಬಂತು. 17ರ ಸರದಿ ಬಂದಿತ್ತು. ಮರುದಿನ ಸಂಜೆ 4 ಗಂಟೆಯೊಳಗೆ ಹಣ ಕಟ್ಟಬೇಕಿತ್ತು. ಹಾಳೆ ಅವಳ ಎದುರಿಗೇ ಇತ್ತು. ದಿನಾಂಕ ಸರಿಯಿತ್ತು, ಕಳೆದುಕೊಳ್ಳುವ ಹಣವೂ ಮಿತಿಯೊಳಗಿತ್ತು. ಆರು ವರ್ಷದ ಶುಲ್ಕ ಕೂಡಿಸಿ ನೋಡಿದರೆ ಮೂರನೆಯ ಸಾಲನ್ನು ಬಹಳ ದೂರ ದಾಟುತ್ತಿತ್ತು. "ಅಮ್ಮ ಹೇಗಾದರೂ ಮಾಡೋಣ ಎನ್ನುತ್ತಿದ್ದಾರೆ ಮೇಡಂ, ಆದರೆ ನಾವು ಬರೆದದ್ದು ಇದು" ಎಂದಳು. ಧ್ವನಿ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. ನಾನು ಏನೂ ಸೇರಿಸಲಿಲ್ಲ. ಹತ್ತು ನಿಮಿಷದ ನಂತರ ಅವಳೇ ಪ್ರವೇಶ ಕಚೇರಿಗೆ ಫೋನ್ ಮಾಡಿ ತನಗೆ ಸೀಟು ಬೇಡವೆಂದು ತಿಳಿಸಿದಳು. ಅದನ್ನು ಇಮೇಲ್‌ನಲ್ಲೂ ಬರೆದು ಕಳುಹಿಸಿದಳು, 18ನೆಯ ಸಂಖ್ಯೆಯವರಿಗೆ ಕರೆ ಹೋಗುವುದು ತಡವಾಗಬಾರದೆಂದು.